ಕೋಮೋದಲ್ಲಿ ವಾಸನೆ ಇರಲಿಲ್ಲ

ಶಿಡ್ಲಘಟ್ಟದಲ್ಲಿ ಈಗ ಬೆಳಗಿನ ಜಾವ ಮೂರು.
ಮಕ್ಕಳ ಮೈಯೊಳಗೆ ಇನ್ನೂ ರಾತ್ರಿ ಹನ್ನೊಂದೂವರೆ.
ತಪ್ಪಿಹೋದ ನೀಲಿ ಸೂಟ್‌ಕೇಸಿನ ಜೊತೆ
ಅವರ ನಿದ್ದೆಯೂ ಮಿಲಾನಿನಲ್ಲೇ ಉಳಿದಿರಬೇಕು.
ಹಾಸಿಗೆ ಮೇಲೆ ಚಕ್ಕಳಮಕ್ಕಳ ಕೂತು
ಕಾಲುಚೀಲದಲ್ಲಿ ಅಡಗಿಸಿ ತಂದ ಹೋಟೆಲಿನ ಜಾಮು ಡಬ್ಬಿ
ಎಣಿಸುತ್ತಿದ್ದಾನೆ ರಯ್ಯಾನ: ಹದಿನಾಲ್ಕು.
ಅಫ್ರಾಗೆ ಅನ್ನ ಬೇಕಂತೆ. ಸಾರೂ ಬೇಡ,
ಬರೀ ಬಿಸಿ ಅನ್ನ.
ಕುಕ್ಕರಿಟ್ಟೆ.

ಐದು ವರ್ಷ ಕಟ್ಟಿದ ಚೀಟಿ,
ಹತ್ತು ದಿನಕ್ಕೆ ಐದು ದೇಶ.
ಬಸ್ಸಿನ ಕಿಟಕಿಗೆ ಹಿಮದ ಬೆಟ್ಟ ಬಂದಾಗಲೆಲ್ಲ
ಮಕ್ಕಳು ನಿದ್ದೆ ಹೋದರು,
ಸುರಂಗ ಬಂದಾಗ ಎದ್ದರು.
ಅಷ್ಟೆತ್ತರದ ಗೋಪುರ ತೋರಿಸಿದರೆ
ರಯ್ಯಾನನಿಗೆ ನೆನಪಿರುವುದು ಅದರ ಬುಡದ ಕುಂಟ ಪಾರಿವಾಳ.
ಅವರಪ್ಪ ಎಲ್ಲವನ್ನೂ ಗೂಡಿನ ರೇಟಿಗೆ ಇಳಿಸಿ ನೋಡುತ್ತಿದ್ದರು:
ಒಂದು ಐಸ್‌ಕ್ರೀಮಿಗೆ ಒಂದು ಕಿಲೋ ಗೂಡು,
ಒಂದು ಸಲ ಉಚ್ಚೆಗೆ ಇನ್ನೂರು ಗ್ರಾಮು.
'ಹೋಟೆಲು ಬರೋವರೆಗೂ ತಡಕೊಳ್ಳೋ' ಅಂತ
ಮಗನಿಗೆ ಹೇಳಿ
ತಾವೇ ಎರಡು ಸಲ ಹೋಗಿಬಂದರು.

ಕೋಮೋ ಊರು ಪಟ್ಟಿಯಲ್ಲಿತ್ತು, ರೇಷ್ಮೆ ಮ್ಯೂಸಿಯಂ ಇರಲಿಲ್ಲ.
ಎಲ್ಲರೂ ಸರೋವರದ ದೋಣಿ ಹತ್ತಿದ ಮಧ್ಯಾಹ್ನ
ನಮ್ಮನ್ನು ಎಳಕೊಂಡು ಹೋದರು ಅಲ್ಲಿಗೆ.
ಒಳಗೆ ಕಾಲಿಟ್ಟು ನಾಲ್ವರೂ ನಿಂತುಬಿಟ್ಟೆವು.
ನಮ್ಮ ಶೆಡ್ಡು!
ಅದೇ ಬಾಣಲೆ, ಅದೇ ರಾಟೆ,
ಎಣ್ಣೆ ಹಚ್ಚಿ ಒರೆಸಿ, ಸುತ್ತ ಹಗ್ಗ ಕಟ್ಟಿ,
ಮುಟ್ಟಬೇಡಿ ಅನ್ನುವ ಚಿತ್ರ ಅಂಟಿಸಿ.
ಇವರು ಅತ್ತಿತ್ತ ನೋಡಿ, ಹಗ್ಗದಾಚೆ ಕೈ ಚಾಚಿ
ರಾಟೆ ಒಂದು ಸುತ್ತು ತಿರುಗಿಸಿ
'ಬೇರಿಂಗ್ ಹೋಗಿದೆ' ಅಂದರು.

ಅಫ್ರಾ ಮೂಗು ಅರಳಿಸಿ ಏನನ್ನೋ ಹುಡುಕುತ್ತಿದ್ದಳು.
'ಅಮ್ಮೀ, ಇಲ್ಲಿ ವಾಸನೇನೇ ಇಲ್ಲ.'
ಇದೇ ಹುಡುಗಿ,
ಶಾಲೆ ಬ್ಯಾಗಿಗೆ ಸೆಂಟು ಹೊಡೆಯುವವಳು,
ಬೆಂದ ಹುಳುವಿನ ನಾತ ಜಡೆಗೆ ಹತ್ತೀತೆಂದು
ಟವೆಲು ಸುತ್ತಿ ಶೆಡ್ಡು ದಾಟುವವಳು,
ಗೆಳತಿಯರನ್ನು ಇವತ್ತಿನವರೆಗೂ ಮನೆಗೆ ಕರೆಯದವಳು,
ಆ ತೊಳೆದಿಟ್ಟ ಗಾಳಿಯಲ್ಲಿ
ಜಾತ್ರೆಯಲ್ಲಿ ಕೈ ತಪ್ಪಿದ ಮಗುವಿನ ಹಾಗೆ ನಿಂತಿದ್ದಳು.

ಗೋಡೆ ಮೇಲೊಂದು ಕಪ್ಪುಬಿಳುಪು ಫೋಟೋ.
ಬಾಣಲೆಗಳ ಸಾಲು, ಸಾಲಿಗೆ ಹುಡುಗಿಯರು,
ಕಣ್ಣು ಕ್ಯಾಮೆರಾದಲ್ಲಿ, ಕೈ ಬಿಸಿನೀರಿನಲ್ಲಿ.
ಒಬ್ಬಳು ಮಾತ್ರ ಎಳೆ ಹಿಡಿದು ಕೈ ಎತ್ತಿದ್ದಾಳೆ.
ಬೆರಳ ತುದಿ ಬಿಳಿಚಿ, ಸುಕ್ಕಾಗಿ, ಸಿಪ್ಪೆ ಎದ್ದು,
ಅಪ್ಪಟ ನಮ್ಮ ಗಂಗರತ್ನಮ್ಮನ ಕೈ.
ಕೆಳಗೆ ಇಸವಿ ಇತ್ತು. ಹೆಸರಿರಲಿಲ್ಲ.
ಇವರು ಅದನ್ನು ಯಾವ ರೇಟಿಗೂ ಇಳಿಸಲಿಲ್ಲ.
ಹೊರಗೆ ಬಂದ ಮೇಲೆ, ಕೇಳದೆಯೇ,
ಎಲ್ಲರಿಗೂ ಐಸ್‌ಕ್ರೀಮು. ನಾಲ್ಕು ಕಿಲೋ.

ಫಜರ್ ಮುಗಿಯಿತು. ಶೆಡ್ಡಿನ ತಗಡಿನ ಬಾಗಿಲು ಕಿರ್ರೆಂದಿತು.
ನೀರು ಕಾದು ಆ ವಾಸನೆ ಅಡುಗೆಮನೆ ಕಿಟಕಿಗೆ ಬಂದದ್ದೇ
ಅನ್ನದ ತಟ್ಟೆ ಹಿಡಿದೇ ಇಬ್ಬರೂ ಓಡಿದರು.
ಚಾಕೊಲೇಟಿನ ಡಬ್ಬ ಹಿಡಿದು ಹಿಂದೆ ನಾನು.

ಗಂಗರತ್ನಮ್ಮ ಸೆರಗಿಗೆ ಕೈಯೊರೆಸಿ ಒಂದು ತಗೊಂಡಳು.
ಎಂಟು ಗೂಡಿನ ಎಳೆ ಒಂದೇ ಹಿಡಿತಕ್ಕೆ ಎತ್ತುವವಳಿಗೆ
ಆ ಹೊಳೆಯುವ ಕಾಗದ ಬಿಚ್ಚಲಾಗಲಿಲ್ಲ, ಬೆರಳು ಜಾರಿತು.
ಅಫ್ರಾ ಬಿಚ್ಚಿಕೊಟ್ಟಳು.
ಮೂಗು ಮುಚ್ಚಿಕೊಳ್ಳಲಿಲ್ಲ;
ಎರಡೂ ಕೈಗೆ ಕೆಲಸವಿತ್ತು, ಅಷ್ಟೇ ಇದ್ದೀತು.

'ಅಲ್ಲಿ ನಿನ್ ಕೈ ಫೋಟೋ ಹಾಕವ್ರೆ' ಅಂದ ರಯ್ಯಾನ,
'ಗೋಡೆ ಮೇಲೆ, ಇಷ್ಟ್ ದೊಡ್ಡದು.'
ಚಾಕೊಲೇಟನ್ನು ದವಡೆಗೆ ಸರಿಸಿಕೊಂಡು ಆಕೆ
'ನನ್ನ ಕೇಳ್ದೆ ಯಾವನು ತೆಗೆದೋನು?' ಅಂದಳು.
ಉತ್ತರಕ್ಕೆ ಕಾಯಲಿಲ್ಲ.
ನೀರು ಕುದಿಯುತ್ತಿತ್ತು.