ಬೆನ್ನಿಗೆ ನಿಂತದ್ದು

ಹಲ್ ಊರಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಹದಿನೆಂಟು ವರ್ಷದಿಂದ ಇದೇ ಕಸುಬು ನನಗೆ:
ಪ್ಲಾಸ್ಟಿಕ್ ಹಾಳೆ ಕಾಯಿಸಿ, ಬಾಗಿಸಿ,
ಅಂಚು ಉಜ್ಜಿ, ಪಟ್ಟಿ ಹೊಲಿದು
ಮುರಿದ ಬೆನ್ನುಗಳಿಗೆ ಕವಚ ಮಾಡುವುದು.
ತನ್ನ ಬೆನ್ನು ತನಗೆ ಕಾಣದಂತೆ.
ನನಗೆ ಈ ಊರಿನ ಎಷ್ಟೋ ಬೆನ್ನು ಗೊತ್ತು,
ಮುಖ ಮರೆತಿದ್ದೇನೆ.

ಈ ಚಳಿಗಾಲ ಮೇಲಿನ ಮಹಡಿಯಿಂದ ಒಂದು ಪ್ರಶ್ನೆ ಇಳಿಯಿತು:
ಜಾರದ, ನರಕ್ಕೆ ತಾಗದ,
ಕೂತಲ್ಲೇ ಕುಸಿದು ಸುಮ್ಮನಾದ ಮಣಿಗೆ
ಕವಚ ಬೇಕೇ?
ಯಾರಿಗೂ ಖಾತ್ರಿಯಿಲ್ಲವಂತೆ.
ಮುರಿದದ್ದಕ್ಕೆ ದಬ್ಬೆ ಕಟ್ಟುವುದನ್ನೂ ಕೇಳುತ್ತಾರೆಯೇ?
ನನ್ನನ್ನಂತೂ ಕೇಳಲಿಲ್ಲ, ಸರಿಯೇ,
ಮಡಕೆ ಬೇಕೇ ಅಂತ ಕುಂಬಾರನನ್ನು ಕೇಳಬಾರದು.
ಅರ್ಧ ಜನಕ್ಕೆ ಕವಚ, ಅರ್ಧ ಜನಕ್ಕೆ ಬರಿಮೈ;
ಕಂಪ್ಯೂಟರು ಚೀಟಿ ಎತ್ತುತ್ತದೆ.

ಆಲ್ವಿನ್ ಥ್ಯಾಕ್ರೆ, ಹೆಂಚು ಹೊದಿಸುವವನು,
ಏಣಿಯಿಂದ ಬಿದ್ದವನು. ಅವನಿಗೆ ಬಂತು.
ನೊರೀನ್ ಗಾರ್ಬಟ್, ಅರವತ್ತಮೂರು,
ಮೊಮ್ಮಗಳ ಟ್ರಾಂಪೊಲಿನ್ ಮೇಲೆ ಒಂದೇ ಒಂದು ಸಲ ಹಾರಿದವಳು.
ಅವಳಿಗೆ ಬರಲಿಲ್ಲ.

ವಾಕರ್ ತಳ್ಳುತ್ತ ಕೆಳಗೆ ಬಂದಳು ನೊರೀನ್,
ಮೇಜಿನ ಮೇಲಿದ್ದ ಆಲ್ವಿನ್ನನ ಕವಚವನ್ನು
ಬೆರಳ ಗಿಣ್ಣಿಂದ ತಟ್ಟಿದಳು, ಬಾಗಿಲು ತಟ್ಟಿದ ಹಾಗೆ.
"ಅವನ ಬೆನ್ನಿಗೆ ಇದು. ನನ್ನ ಬೆನ್ನಿಗೆ ಯಾರು?"
ಚೀಟಿ, ಎಂದೆ.
ಸೀನು ಬರದಿರಲಿ ಎಂದು ಮೂಗು ಹಿಡಿದುಕೊಂಡೇ
ಹೊರಟುಹೋದಳು.

ಆಲ್ವಿನ್ ಕಂಕುಳ ಹುಣ್ಣು ತೋರಿಸಲು ಎರಡು ಸಲ ಬಂದ.
ಶೂ ಲೇಸು ಕಟ್ಟಲಾಗದು, ಬೆಕ್ಕು ಮಡಿಲಿಗೆ ಬಾರದು,
ಮಲಗುವಾಗ ಬಿಚ್ಚು ಎಂದರೂ ಬಿಚ್ಚುವುದಿಲ್ಲ.
"ಹಿಂದಿನಿಂದ ಯಾರೋ ಹಿಡಿದಿದ್ದಾರೆ ಅನ್ನಿಸುತ್ತೆ."

ಮೂರು ತಿಂಗಳ ಮೇಲೆ, ಪರದೆಯಲ್ಲಿ ಎರಡು ಎಕ್ಸ್-ರೇ,
ಹೆಸರು ಮುಚ್ಚಿ.
ಇಬ್ಬರದೂ ಮುಂದಕ್ಕೆ ತುಸು ಸವೆದ ಅದೇ ಮಣಿ,
ಅದೇ ಬೆಳ್ಳಗಿನ ಕೂಡುಗೆರೆ.
ಯಾವುದು ಯಾರದು, ಹೇಳು ನೋಡೋಣ ಎಂದರು ಡಾಕ್ಟರು.
ಬೆನ್ನು ಬಲ್ಲವನು ನಾನು,
ತಪ್ಪು ಹೇಳಿದೆ.

ಎರಡೇ ಬೆನ್ನಿನಿಂದ ಏನೂ ತೀರ್ಮಾನವಾಗದು,
ಇನ್ನೂ ನೂರಾರು ಬರಬೇಕು, ಅಂದರು.
ಬರಲಿ.

ಕವಚ ವಾಪಸು ತಂದ ಆಲ್ವಿನ್ನನನ್ನು ಕೇಳಿದೆ,
ಇದು ವಾಸಿ ಮಾಡಿತೇ?
"ಏನೋಪ್ಪ. ಮೊದಲ ವಾರ ಬಚ್ಚಲವರೆಗೆ
ಧೈರ್ಯವಾಗಿ ನಡೆದೆ."
ನೊರೀನ್‌ಳನ್ನೂ ಕೇಳಿದೆ.
ಹಂಬರ್ ದಂಡೆಗುಂಟ ದಿನಕ್ಕೊಂದು ದೀಪದ ಕಂಬ
ಹೆಚ್ಚು ನಡೆದಳಂತೆ, ಗಾಳಿಗೆ ಎದುರಾಗಿ.
ಧೈರ್ಯ?
"ಸಿಟ್ಟು," ಎಂದಳು. "ನಿನ್ನ ಮೇಲೆ."

ಸಂಜೆ ದೀಪ ಆರಿಸುವಾಗ ನೋಡಿದೆ:
ಒಳಗೆ ಬೆವರಿನ ಕಲೆ, ಹೊರಗೆ ಅವನ ಹೆಸರಿನ ಚೀಟಿ,
ಮೇಜಿನ ಮೇಲೆ ಆ ಕವಚ
ಯಾರ ಬೆನ್ನೂ ಇಲ್ಲದೆ
ನೆಟ್ಟಗೆ ನಿಂತಿತ್ತು.