ಒತ್ತಿ ನೋಡಬೇಡಿ

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಆರಿಸುವಾಗ
ಬೆರಳು ತಾನೇ ಒತ್ತಿ ನೋಡುತ್ತದೆ.
ಮೆತ್ತಗೋ, ಗಟ್ಟಿಯೋ, ಜರುಗುತ್ತದೋ,
ಬುಡ ಹಿಡಿದು ಕೂತಿದೆಯೋ.
"ಅಕ್ಕಾ, ಒತ್ತಿ ನೋಡಬೇಡಿ, ಮಾಲು ಕೆಡುತ್ತೆ"
ಅನ್ನುತ್ತಾನೆ ಹುಡುಗ.
ಒಂದೇ ಮಾತು ನಮ್ಮ ನುಡಿಯಲ್ಲಿ
ಮಣ್ಣಿನೊಳಗಿನದಕ್ಕೂ ಮೈಯೊಳಗಿನದಕ್ಕೂ.
ಗಡ್ಡೆ.
ಎರಡು ಕೆಜಿ ಕೊಡಪ್ಪ, ನೀನೇ ಆರಿಸು.

ಹನ್ನೆರಡು ವರ್ಷ ಈ ವಾರ್ಡಿನಲ್ಲಿ.
ಮೊದಲ ವರ್ಷ ಅಳುತ್ತಿದ್ದೆ, ಸ್ಟೋರ್ ರೂಮಿನಲ್ಲಿ,
ಹತ್ತಿಯ ಸುರುಳಿಗಳ ನಡುವೆ.
ಆಮೇಲೆ ಕಲಿತೆ
ಕಣ್ರೆಪ್ಪೆ ಮುಚ್ಚಲು, ಗದ್ದಕ್ಕೆ ಬಟ್ಟೆ ಕಟ್ಟಲು,
ಕಾಲಿನ ಎರಡು ಹೆಬ್ಬೆರಳು ಜೋಡಿಸಿ ಬಿಗಿಯಲು,
ರಿಜಿಸ್ಟರಿನಲ್ಲಿ ಎಕ್ಸ್‌ಪೈರ್ಡ್ ಅಂತ ಬರೆಯಲು
(ಮಾತ್ರೆಗೂ ಅದೇ ಪದ),
ಬರೆದು, ಗಡಿಯಾರ ನೋಡಿ, ಟೀ ಕುಡಿಯಲು.

ಕಲಿಯದ್ದು ಮನೆಗೆ ಬಂದ ಮೇಲಿನದು.
ಹಾಸನದ ಚಳಿಗೆ ಅತ್ತೆ ಹಂಡೆ ಕಾಯಿಸಿಟ್ಟಿರುತ್ತಾರೆ.
ಇವತ್ತು ಎಷ್ಟು ಜನ ಎಂದು ಕೇಳುವುದಿಲ್ಲ,
ನಾನು ಚಪ್ಪಲಿ ಬಿಡುವ ರೀತಿಯಲ್ಲೇ ತಿಳಿಯುತ್ತದೆ ಅವರಿಗೆ.
ನೆಂಟರ ಸಾವಿಗೆ ಹನ್ನೊಂದು ದಿನದ ಸೂತಕ,
ವಾರ್ಡಿನವರಿಗೆ ಎರಡು ಚೊಂಬು ಬಿಸಿನೀರು.
ಆವಿಯಲ್ಲಿ ನಿಂತು ಎಡಗೈ ತಲೆಯ ಮೇಲಿಟ್ಟರೆ
ಬಲಗೈಯ ಮೂರು ಬೆರಳು ಹೊರಡುತ್ತವೆ,
ಒಂದು ಸುತ್ತು, ಒಳಗೊಂದು ಸುತ್ತು, ಕಂಕುಳ ತನಕ.
ತಿಂಗಳಿಗೊಮ್ಮೆ ಇದ್ದದ್ದು ದಿನಾ ಆಯಿತು.
ಈಗ ದಿನಕ್ಕೆ ಮೂರು ಸಲ.
ಕೆಮ್ಮಿದರೆ ಶ್ವಾಸಕೋಶ, ತಲೆ ಸಿಡಿದರೆ ಮೆದುಳು.
ಮಗಳು ಕಬಡ್ಡಿ ಆಡಿ ಬಾವು ಬರಿಸಿಕೊಂಡ ರಾತ್ರಿ
ಅವಳು ಮಲಗಿದ ಮೇಲೆ ಟಾರ್ಚು ಹಿಡಿದು
ಮೊಣಕಾಲಿನ ಪಕ್ಕ ಎಷ್ಟೋ ಹೊತ್ತು ಕೂತಿದ್ದೆ.
ನನ್ನ ಸ್ಕ್ಯಾನಿಂಗ್ ಚೀಟಿ ಯುಗಾದಿಯಿಂದ ಪರ್ಸಿನಲ್ಲಿದೆ,
ಮಡಿಕೆಯಲ್ಲಿ ಹರಿಯತೊಡಗಿದೆ.

"ಎಲ್ಲರಿಗೂ ಹಿಂಗೇ ಕಣೆ" ಎಂದಳು ಫಿಲೋಮಿನಾ,
ಮಾರ್ಫಿನ್ ಕಪಾಟಿನ ಬೀಗ ಎರಡನೇ ಸಲ ಎಳೆದು ನೋಡುತ್ತ.
ಹತ್ತು ವರ್ಷದಿಂದ ಬಲಮಗ್ಗುಲಿಗೆ ಮಲಗಿಲ್ಲವಂತೆ ಅವಳು.
ಏಕೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಏಳನೇ ಬೆಡ್ಡಿನ ಕೆಂಚಮ್ಮ, ದುದ್ದದ ಕಡೆಯವಳು,
ಬಿತ್ತನೆ ಗಡ್ಡೆ ಕುಯ್ಯುವ ಕೂಲಿ ಮೂವತ್ತು ವರ್ಷ.
ಡ್ರಿಪ್ ಹಾಕಲು ನರ ಹುಡುಕುತ್ತಿದ್ದೆ. ನನ್ನ ಕೈ ನೋಡಿದಳು.
"ನಡುಗ್ತದಲ್ಲವ್ವ. ಸಾಯೋಳು ನಾನಾ, ನೀನಾ?"
ನಗು ಬಂತು ಇಬ್ಬರಿಗೂ. ನಕ್ಕರೆ ಅವಳಿಗೆ ನೋವು.
ಆಮೇಲೆ ಹೇಳಿದಳು, ಮೇಲಿನ ಫ್ಯಾನಿಗೆ ಹೇಳುವಂತೆ:
"ಹೆದರ್ಕಂಡು ಕುಯ್ದ್ರೆ ಏಟು ಕಣ್ಣಿಗೇ ಬೀಳ್ತದೆ.
ಕಣ್ಣು ಉಳಿಸ್ಕಂಡು ಕುಯ್ಬೇಕು. ಕಣ್ಣೋದ ಹೋಳು
ಮಣ್ಣಾಗೆ ಕೊಳೀತದೆ, ಅಷ್ಟೆ."

ನಾನು ಅದಕ್ಕೊಂದು ಅರ್ಥ ಹುಡುಕುತ್ತಿದ್ದೆ.
ಅವಳು "ಬಾಯಿ ಒಣಗ್ತದೆ" ಎಂದಳು.
ಚಮಚದಲ್ಲಿ ನೀರು ಕೊಟ್ಟೆ. ನರ ಸಿಕ್ಕಿತು.

ಭಾನುವಾರ, ಬೆಳಗಿನ ಜಾವ ಮೂರೂ ಇಪ್ಪತ್ತು.
ಅವಳ ಉಗುರುಸಂದಿಯ ಮಣ್ಣು
ಸ್ಪಿರಿಟ್ಟಿಗೂ ಹೋಗಲಿಲ್ಲ.
ತಿಕ್ಕುವುದು ಬಿಟ್ಟೆ.
ಹೆಬ್ಬೆರಳು ಜೋಡಿಸಿ ಕಟ್ಟಿದೆ.

ಇವತ್ತು ಬಚ್ಚಲಿಗೆ ಹೋಗುವ ಮೊದಲು
ಅಡುಗೆಮನೆಯ ಬುಟ್ಟಿ ನೋಡಿದೆ.
ಆ ಹುಡುಗ ಆರಿಸಿಕೊಟ್ಟದ್ದರಲ್ಲಿ ಮೂರಕ್ಕೆ ಮೊಳಕೆ,
ಕತ್ತಲಲ್ಲಿ, ಯಾರನ್ನೂ ಕೇಳದೆ.
ಒತ್ತಲಿಲ್ಲ. ಪಕ್ಕಕ್ಕಿಟ್ಟೆ.
ಚೀಟಿಯನ್ನು ಪರ್ಸಿನಿಂದ ತೆಗೆದು
ಫ್ರಿಜ್ಜಿನ ಮೇಲೆ, ಗ್ಯಾಸ್ ಪುಸ್ತಕದ ಕೆಳಗೆ, ತುದಿ ಕಾಣುವಂತೆ.
ನೀರು ಕಾದಿದೆ ಎಂದು ಅತ್ತೆ ಕೂಗಿದರು.
ಹೋದೆ.
ಎಡಗೈ ಆಗಲೇ ಮೇಲೆದ್ದಿತ್ತು.