ಪಾಳಿಪಟ್ಟಿ

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಪಾಳಿಪಟ್ಟಿಯಲ್ಲಿ
ಮಾರ್ಗಿತ್ ಹೆಸರು ಇನ್ನೂ ಇದೆ.
ಮಂಗಳವಾರ ಪಾತ್ರೆ, ಶುಕ್ರವಾರ ಬಚ್ಚಲು.
ಜೂನ್ ಹತ್ತೊಂಬತ್ತಕ್ಕೇ ಹೊರಟುಹೋದಳು ಅವಳು,
ಬಸ್ಸಿನ ದುಡ್ಡನ್ನು ಎಲ್ಲರ ಕಾಫಿ ಡಬ್ಬಿಯಿಂದ ತೆಗೆದುಕೊಂಡು,
ಎಷ್ಟು ತೆಗೆದೆನೆಂದು ಚೀಟಿ ಬರೆದಿಟ್ಟು.
ಯಾಕೆಂದು ಮಾತ್ರ ಬರೆದಿರಲಿಲ್ಲ.

ಆರು ಗಂಟೆಗೆ ಪ್ರಾರ್ಥನೆ.
ಗಣಿ ಮುಚ್ಚಿದ ಮೇಲೆ ಅರ್ಧ ಖಾಲಿಯಾದ ಊರು ಇದು,
ಕೆಂಟಕಿಯ ಗುಡ್ಡಗಳ ಸಂದಿಯಲ್ಲಿ.
ಮನೆ ಮೊದಲು ಕನ್ಯಾಸ್ತ್ರೀಯರ ಮಠವಾಗಿತ್ತು:
ಹನ್ನೊಂದು ಕೋಣೆ, ಒಂದೇ ಬಚ್ಚಲು,
ಈಗ ನಾವು ಆರು ಮಂದಿ.
ಕೀರ್ತನೆ ಓದುವುದರಲ್ಲೂ ಒಬ್ಬೊಬ್ಬರದು ಒಂದೊಂದು ವೇಗ.
ಕಾರ್ಮಾಕ್ ಓದುವುದು ರೈಲು ತಪ್ಪಿಹೋಗುವವನ ಹಾಗೆ;
ಸಿಸ್ಟರ್ ಲುಡ್ಮಿಲಾ ಒಂದೊಂದು ಪದಕ್ಕೂ
ಕುರ್ಚಿ ಹಾಕಿ ಕೂರಿಸಿ ಮುಂದಿನದನ್ನು ಕರೆಯುತ್ತಾರೆ.
ನಡುವೆ ಸಿಕ್ಕಿಕೊಂಡ ನಾನು ಆಕಳಿಸುತ್ತೇನೆ.
ಅದನ್ನೂ ಆಮೆನ್ ಲೆಕ್ಕಕ್ಕೆ ಹಾಕಿಕೊಳ್ಳಲಿ ದೇವರು.

ಜುಲೈ.
ಏಳಕ್ಕೇ ಒದ್ದೆ ಕಂಬಳಿ ಹೊದೆಸಿದಂಥ ಸೆಕೆ.
ಮನೆಗೆ ಮೂರು ಫ್ಯಾನು, ಫ್ಯಾನಿಗೊಂದು ಜಗಳ.
ಎಲ್ಲವೂ ಎಲ್ಲರದು ಎಂದು ಗೋಡೆಗೆ ಬರೆದ ಅಡುಗೆಮನೆಯಲ್ಲಿ
ಕೊನೆಯ ಪೀಚ್ ಹಣ್ಣಿನ ಮೇಲೆ ಪೆನ್ನಿನಲ್ಲಿ ಒಂದು ಹೆಸರು.
(ನನ್ನದೇ. ಬರೆದವಳೂ ನಾನೇ.)
ಉಳಿದಂತೆ ಜುಕಿನಿ: ಹುರಿದದ್ದು, ಬೇಯಿಸಿದ್ದು, ಸೂಪು ಮಾಡಿದ್ದು.
ಅನ್ಸೆಲ್ಮ್ ಭಾನುವಾರ ಕೇಕು ಮಾಡಿ
ಅದರಲ್ಲೇನಿದೆಯೆಂದು ಹೇಳಲಿಲ್ಲ,
ನಾವೂ ಕೇಳಲಿಲ್ಲ.

ಒರ್ಲೀನಾ ಸ್ಟಿಡಮ್ ಮನೆಗೆ ಇಳಿಜಾರು ಕಟ್ಟುತ್ತಿದ್ದೆವು,
ಗಾಲಿಕುರ್ಚಿ ಇಳಿಯಲೆಂದು.
ಅಂಗುಲ ಎತ್ತರಕ್ಕೆ ಅಡಿ ಉದ್ದ, ಅದು ಲೆಕ್ಕ.
ಅವಳ ಜಗಲಿ ಇಪ್ಪತ್ತೆಂಟು ಅಂಗುಲ,
ಅಂಗಳ ಇಪ್ಪತ್ತೇ ಅಡಿ.
ಸೇಬಿನ ಮರ ಬಳಸಿ ತಿರುಗಿಸಿದೆವು.
ಬ್ಯಾಪ್ಟಿಸ್ಟ್ ಮುದುಕಿ, ಮೊದಲ ದಿನವೇ ಹೇಳಿದ್ದಳು:
“ನಿಮ್ಮ ಮೇರಿಯಮ್ಮ ನಿಮ್ಮ ವ್ಯಾನಿನಲ್ಲೇ ಇರಲಿ.
ಮೊಳೆ ಮಾತ್ರ ನೆಟ್ಟಗೆ ಹೊಡೆಯಿರಿ.”
ಆಮೇಲೆ ಜಗಲಿಯಲ್ಲಿ ಬೀನ್ಸ್ ನಾರು ತೆಗೆಯುತ್ತ
ಬಾಗಿದ ಮೊಳೆ ಎಣಿಸಿದಳು.
ಹದಿನಾಲ್ಕು. ಒಂಬತ್ತು ನನ್ನವು.

ಮಂಗಳವಾರ ಕೊನೆಯ ಹಲಗೆ ಕೂತಿತು.
ಬೆವರು ಒರೆಸಿಕೊಂಡು ಸಾಲಾಗಿ ನಿಂತೆವು,
ಏನೋ ಆಗಬೇಕಿತ್ತು ಎನ್ನುವ ಹಾಗೆ.
“ಇವತ್ತು ಬೇಡ,” ಅಂದಳು, “ತಲೆ ಬಾಚಿಲ್ಲ ನಾನು.”
ಅವಳ ನಾಯಿ ಡೀಕನ್, ಹಿಂಗಾಲು ಸೋತ ಮುದುಕ,
ಎದ್ದು ನಿಧಾನ ಇಳಿದ,
ತಿರುವಿನಲ್ಲಿ ನಿಂತು ಯೋಚಿಸಿ ಮುಂದೆ ಹೋದ,
ಮರದ ಬುಡ ಒದ್ದೆ ಮಾಡಿ ಮತ್ತೆ ಹತ್ತಿ ಬಂದ.
“ಭಾರ ತಡೆಯುತ್ತದೆ,” ಅಂದಳು ಒರ್ಲೀನಾ.

ಹೊರಡುವಾಗ ಎರಡು ಬಾಟಲಿ ಉಪ್ಪಿನ ಬೀನ್ಸ್.
“ಇದು ನಿಮಗೆ. ಇದು ಆ ಕೆಂಪುಗೂದಲ ಹುಡುಗಿಗೆ,
ಮೇ ತಿಂಗಳಲ್ಲಿ ಟೇಪು ಹಿಡಿದು ಬಂದವಳಿಗೆ.
ನೀವೆಲ್ಲ ಎಷ್ಟು ಉದ್ದ, ಎಷ್ಟು ಎತ್ತರ ಎಂದಿರಿ.
ಇಳಿದು ಎಲ್ಲಿಗೆ ಹೋಗಬೇಕಮ್ಮ ಎಂದವಳು ಅವಳೊಬ್ಬಳು.”
ಆಗ ನೋಡಿದೆ:
ನಮ್ಮ ಹಲಗೆಗಳು ಮುಗಿದದ್ದು
ಟಪಾಲು ಪೆಟ್ಟಿಗೆಯ ಎದುರಿಗೆ.
“ಎಲ್ಲಿ ಅವಳು?” ಅಂದಳು.
ಕಾರ್ಮಾಕ್ ವ್ಯಾನಿನ ಕೀಲಿಯನ್ನು
ಇದ್ದ ಜೇಬಿನಲ್ಲೇ ಹುಡುಕತೊಡಗಿದ.

ಬಾಟಲಿ ಈಗ ಮೇಲಿನ ಕಪಾಟಿನಲ್ಲಿದೆ.
ಅದರ ಮೇಲೆ ಹೆಸರು ಬರೆಯಬೇಕಾಗಿಲ್ಲ,
ಯಾರೂ ಮುಟ್ಟುವುದಿಲ್ಲ.
ಊಟಕ್ಕೆ ಮೊಸರು, ಡಬ್ಬಿಯ ತಾರೀಖು ಮುಗಿದು ನಾಲ್ಕು ದಿನ.
ಸಂಜೆಯ ಪ್ರಾರ್ಥನೆಯಲ್ಲಿ ಗುಡುಗು ಗುಡುಗಿ
ಮಳೆ ಬೇರೆ ಕಣಿವೆಗೆ ಹೋಯಿತು.

ಹನ್ನೊಂದಕ್ಕೆ ನಿದ್ದೆ ಬಾರದೆ ಕೆಳಗಿಳಿದೆ.
ಮಂಗಳವಾರ, ಅವಳ ಪಾಳಿ.
ಆರು ವಾರ ಯಾರು ತೊಳೆಯುತ್ತಿದ್ದಾರೋ
ಇವತ್ತಾದರೂ ನಾನು ಎಂದುಕೊಂಡು.
ತಟ್ಟೆಗಳೆಲ್ಲ ಆಗಲೇ ಬೋರಲು,
ಅಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತ.
ಮೆಟ್ಟಿಲ ಮೇಲೆ ಯಾರದೋ ಚಪ್ಪಲಿಯ ಸದ್ದು ಕೊನೆಗೊಂಡಿತು.

ಒಂದು ಸೌಟಿಗೆ ಜಿಡ್ಡು ಉಳಿದಿತ್ತು.
ಅದನ್ನು ತಿಕ್ಕಿದೆ.